ಬ್ರಾಯ್ಲರ್ ಮರಿಗಳಿಗೆ ಯಾವ ಹಾಸು ಒಳ್ಳೆಯದು? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಮೊದಲ ಸಲ 200 ಮರಿ ಬಿಡುತ್ತಿದ್ದೇನೆ. ನೆಲಕ್ಕೆ ಭತ್ತದ ಹೊಟ್ಟು ಹಾಕಲೋ, ಮರದ ಹೊಟ್ಟು ಹಾಕಲೋ ಗೊತ್ತಾಗುತ್ತಿಲ್ಲ. ಇದರಿಂದ ತೂಕದಲ್ಲಿ ವ್ಯತ್ಯಾಸ ಬರುತ್ತದಾ?

ಉತ್ತರ: ನಾನು ಎರಡನ್ನೂ ಹಾಕಿದ್ದೇನೆ. ಹಾಸು ಒಣಗಿದ್ದಷ್ಟು ದಿನ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಸು ಒದ್ದೆಯಾದ ಬ್ಯಾಚಿನಲ್ಲಿ ಮಾತ್ರ ಪೆಟ್ಟು ಬಿತ್ತು. ನೀರಿನ ಡ್ರಿಂಕರ್‌ಗಳನ್ನು ಕೋಳಿ ಬೆಳೆದ ಹಾಗೆ ಎತ್ತರಿಸಿರಲಿಲ್ಲ. ನೀರು ಚೆಲ್ಲಿ ಚೆಲ್ಲಿ ಸುತ್ತಲಿನ ಹೊಟ್ಟು ರೊಟ್ಟಿ ಥರ ಗಟ್ಟಿಯಾಯಿತು. ನಾಲ್ಕನೇ ವಾರ ಒಂದು ಕೋಳಿ ಎತ್ತಿ ಪಾದ ತಿರುಗಿಸಿ ನೋಡಿದೆ. ಅಂಗಾಲಿನ ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು. ಕಾಲು ನೋಯುವ ಕೋಳಿ ಎದ್ದು ಮೇವಿನ ಹತ್ತಿರ ಹೋಗುವುದಿಲ್ಲ. ಅದೇ ಒದ್ದೆಯಲ್ಲಿ ಕೂರುತ್ತದೆ. ಇನ್ನು ತೂಕ ಎಲ್ಲಿಂದ ಬರಬೇಕು?

ಈಗ ದಿನಾ ನಾಲ್ಕೈದು ಕಡೆ ಒಂದೊಂದು ಹಿಡಿ ತೆಗೆದು ಹಿಂಡಿ ನೋಡುತ್ತೇನೆ. ಉಂಡೆಯಾಗಿಯೇ ಉಳಿದರೆ ತೇವ ಜಾಸ್ತಿ. ಸ್ವಲ್ಪ ಅಂಟಿ ಆಮೇಲೆ ಉದುರಿದರೆ ಸರಿ. ಅಂಟದೆ ದೂಳೆದ್ದರೆ ಅದೂ ಕೆಟ್ಟದ್ದೇ, ಮರಿಗಳ ಉಸಿರಾಟಕ್ಕೆ ತೊಂದರೆ. ತೇವ ನೂರಕ್ಕೆ 20ರಿಂದ 25ರೊಳಗೆ ಇದ್ದರೆ ನಿಶ್ಚಿಂತೆ.

ಇನ್ನೊಬ್ಬರು: ಮೇಲಿನವರ ಮಾತು ನಿಜ. ಆದರೂ ವಸ್ತು ಆರಿಸುವಾಗಲೇ ಸ್ವಲ್ಪ ನೋಡಿ. ಮರದ್ದು ನೀರು ಚೆನ್ನಾಗಿ ಹೀರುತ್ತದೆ. ಭತ್ತದ ಹೊಟ್ಟು ಅಷ್ಟು ಹೀರುವುದಿಲ್ಲ, ಆದರೆ ಕೆದಕಲು ಸುಲಭ. ನುಣ್ಣನೆಯ ಮರದ ಪುಡಿ ಮಾತ್ರ ಬೇಡ, ಎಳೆಮರಿಗಳು ಅದನ್ನೇ ಮೇವು ಅಂತ ತಿನ್ನುತ್ತವೆ. ನಾನು ಮೊದಲ ಎರಡು ಮೂರು ದಿನ ಹಾಸಿನ ಮೇಲೆ ಕಾಗದ ಹಾಸಿ ಅದರ ಮೇಲೆ ಮೇವು ಹಾಕುತ್ತೇನೆ. ಬೂಷ್ಟು ವಾಸನೆ ಬರುವ ಚೀಲವನ್ನು ಶೆಡ್ಡಿನ ಒಳಗೇ ತರಬೇಡಿ. ಆ ಬೂಷ್ಟು ಮರಿಗಳ ಶ್ವಾಸಕೋಶಕ್ಕೆ ಇಳಿಯುತ್ತದೆ. ಒದ್ದೆ ಹಾಸಿನಲ್ಲಿ ರಕ್ತಭೇದಿಯೂ ಬೇಗ ಹರಡುತ್ತದೆ.

ಮತ್ತೊಬ್ಬರು: ಒಂದು ಮಾತು ಸೇರಿಸುತ್ತೇನೆ. ಒದ್ದೆ ಹಾಸಿನ ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲದ ವಾಸನೆ ನಿಂತವರಿಗೆ ಪೂರ್ತಿ ಗೊತ್ತಾಗುವುದಿಲ್ಲ. ಮರಿಗಳ ತಲೆಯ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ಒಂದು ನಿಮಿಷ ಉಸಿರಾಡಿ. ಕಣ್ಣು ಉರಿದರೆ ಅವಕ್ಕೆ ದಿನವಿಡೀ ಅದೇ ಗಾಳಿ ಅಂತ ತಿಳಿಯಿರಿ. ಚಳಿಗೆ ಹೆದರಿ ನಾನು ಶೆಡ್ಡಿನ ಪಕ್ಕದ ಪರದೆ ಪೂರ್ತಿ ಮುಚ್ಚಿದ್ದೆ. ಹಾಸಿನ ತೇವ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಈಗ ಮೇಲುಗಡೆ ಒಂದಿಷ್ಟು ತೆರೆದೇ ಇಡುತ್ತೇನೆ, ಗಟ್ಟಿಯಾದ ಜಾಗ ಕಂಡ ದಿನವೇ ತೆಗೆದು ಒಣ ಹೊಟ್ಟು ಹಾಕುತ್ತೇನೆ.