ಬಿಕಾಂ ಅರ್ಧಕ್ಕೆ ಬಿಟ್ಟವಳ ಜಿಇ ಗೊಂದಲ: ಕ್ಯಾಲಿಫೋರ್ನಿಯಾದಲ್ಲಿ ಟ್ರಾನ್ಸ್‌ಫರ್ ಆದವರು ಯಾರಾದರೂ ಇದ್ದೀರಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸ್ಯಾನ್ ಹೋಸೆಯಲ್ಲಿದ್ದೇನೆ. ವಯಸ್ಸು 36. ಊರಿನಲ್ಲಿ ಬಿಕಾಂ ಎರಡು ವರ್ಷ ಓದಿ, ಮದುವೆಯಾಗಿ, ಅರ್ಧಕ್ಕೆ ಬಿಟ್ಟು ಬಂದವಳು. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಧೈರ್ಯ ಮಾಡಿ ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿಗೆ ಸೇರಿದೆ. ಮೊದಲ ಎರಡು ವರ್ಷದ ಕೋರ್ಸ್ ಇಲ್ಲಿ ಮುಗಿಸಿ, ಆಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುವ ಯೋಚನೆ. 2025ರ ಫಾಲ್‌ನಲ್ಲಿ (ಆಗಸ್ಟ್ ಹೊತ್ತಿಗೆ ಶುರುವಾಗುವ ಸೆಮಿಸ್ಟರ್) ಶುರುವಾಯಿತು, ಈಗ ಎರಡು ಸೆಮಿಸ್ಟರ್ ಮುಗಿದಿವೆ. ಒಂದೊಂದು ಸೆಮಿಸ್ಟರ್‌ಗೆ ಮೂರೇ ಕ್ಲಾಸ್. ಅದಕ್ಕಿಂತ ಜಾಸ್ತಿ ನನ್ನಿಂದ ಆಗುವುದಿಲ್ಲ.

ಅಕೌಂಟಿಂಗ್ ಇಲ್ಲವೇ ಎಕನಾಮಿಕ್ಸ್ ಮಾಡುವ ಆಸೆ. ಸ್ಯಾನ್ ಹೋಸೆ ಸ್ಟೇಟ್ (ಸಿಎಸ್‌ಯು, ಅಂದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಕ್ಯಾಂಪಸ್) ಆದರೆ ಮನೆಗೆ ಹತ್ತಿರ. ಯುಸಿಗೂ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಒಂದು ಕೈ ನೋಡೋಣ ಅಂತಿದೆ.

ನನ್ನ ಗೊಂದಲ ಜಿಇ ಬಗ್ಗೆ, ಅಂದರೆ ಮೇಜರ್ (ಮುಖ್ಯ ವಿಷಯ) ಯಾವುದಾದರೂ ಎಲ್ಲರೂ ಓದಬೇಕಾದ ಜನರಲ್ ಎಜುಕೇಷನ್ ಕೋರ್ಸ್‌ಗಳು. ಆ ಕೋರ್ಸ್‌ಗಳ ಪಟ್ಟಿಗೆ ಹಳಬರು ಐಗೆಟ್ಸಿ ಅನ್ನುತ್ತಾರೆ, ಕಾಲೇಜಿನ ಹಾಳೆಯಲ್ಲಿ ಕ್ಯಾಲ್-ಗೆಟ್ಸಿ ಅಂತಿದೆ. ಎರಡೂ ಒಂದೇನಾ? ಊರಿನಲ್ಲಿ ಓದಿದ ಇಂಗ್ಲಿಷ್, ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್ ಇದಕ್ಕೆ ಸೇರುತ್ತವಾ? ಮೈಕ್ರೋ, ಮ್ಯಾಕ್ರೋ ಎರಡೂ ಮುಗಿಸಿದ್ದೇನೆ, ಹಾಗಾಗಿ ಸೋಷಿಯಲ್ ಸೈನ್ಸ್ ಭಾಗ ಮುಗಿಯಿತು ಅಂದುಕೊಂಡಿದ್ದೇನೆ. ಇಂಗ್ಲಿಷ್ ಸಿ1000 (ಮೊದಲ ಬರವಣಿಗೆ ಕೋರ್ಸ್), ಸ್ಟ್ಯಾಟಿಸ್ಟಿಕ್ಸ್, ಒಂದು ಆರ್ಟ್ ಹಿಸ್ಟರಿ ಕ್ಲಾಸ್ ಕೂಡ ಆಗಿವೆ. ಪಬ್ಲಿಕ್ ಸ್ಪೀಕಿಂಗ್‌ನಲ್ಲಿ ಮಾತ್ರ ಡಿ ಗ್ರೇಡ್ ಬಂತು. ಎಲ್ಲರ ಮುಂದೆ ನಿಂತಾಗ ಕನ್ನಡವೂ ಬಾಯಿಗೆ ಬರಲಿಲ್ಲ, ಇನ್ನು ಇಂಗ್ಲಿಷ್ ಎಲ್ಲಿಂದ ಬರಬೇಕು.

ಕೌನ್ಸೆಲರ್ ಜೊತೆ ಸಿಕ್ಕಿದ್ದು ಅರ್ಧ ಗಂಟೆ. ಅದರಲ್ಲಿ ಹತ್ತು ನಿಮಿಷ ಅವರ ಕಂಪ್ಯೂಟರ್ ತೆರೆದುಕೊಳ್ಳಲೇ ಇಲ್ಲ.

ಉತ್ತರ 1

ಎರಡೂ ಒಂದೇ ಅಲ್ಲ. 2021ರಲ್ಲಿ ಎಬಿ 928 ಅಂತ ಕಾನೂನು ಬಂತು. ಯುಸಿಗೆ ಒಂದು ಪಟ್ಟಿ, ಸಿಎಸ್‌ಯುಗೆ ಇನ್ನೊಂದು ಪಟ್ಟಿ ಇರುವುದು ಬೇಡ, ಎರಡಕ್ಕೂ ಒಂದೇ ಇರಲಿ ಎಂಬುದು ಅದರ ಉದ್ದೇಶ. ಹಾಗೆ ಬಂದದ್ದು ಕ್ಯಾಲ್-ಗೆಟ್ಸಿ, 2025ರ ಫಾಲ್‌ನಿಂದ ಜಾರಿಯಲ್ಲಿದೆ. 11 ಕೋರ್ಸ್, 34 ಯೂನಿಟ್ (ಯೂನಿಟ್ ಅಂದರೆ ಕ್ರೆಡಿಟ್). ನೀವು ಸೇರಿದ್ದೇ ಆಗ, ಆದ್ದರಿಂದ ನಿಮಗೆ ಇದೇ. ಅದಕ್ಕೂ ಮುಂಚೆ ಸೇರಿ, ನಡುವೆ ಬಿಡದೆ ಓದುತ್ತಿರುವವರು ಹಳೆಯ ಪಟ್ಟಿಯಲ್ಲೇ ಮುಗಿಸಬಹುದು. ಅವರ ಮಾತು ಕೇಳಿ ತಲೆ ಕೆಡಿಸಿಕೊಳ್ಳಬೇಡಿ.

ಉತ್ತರ 2

ನಾನು ಟ್ರಾನ್ಸ್‌ಫರ್ ಆದಾಗ ನನಗೆ 41. ರಾತ್ರಿ ಗೋದಾಮಿನಲ್ಲಿ ಕೆಲಸ, ಬೆಳಗ್ಗೆ ಕ್ಲಾಸ್. ಎಲ್ಲಿ ಸಮಯ ಹೊಂದುತ್ತದೋ ಅಲ್ಲಿ ಓದಿ, ಮೂರು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಗುಡ್ಡೆ ಹಾಕಿಕೊಂಡಿದ್ದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕಹಿ ಸುದ್ದಿ. ಮೈಕ್ರೋ, ಮ್ಯಾಕ್ರೋ ಎರಡೂ ಎಕನಾಮಿಕ್ಸ್. ಏರಿಯಾ 4ಕ್ಕೆ (ಪಟ್ಟಿಯ ಸೋಷಿಯಲ್ ಸೈನ್ಸ್ ಭಾಗ) ಬೇಕಾದ ಎರಡು ಕೋರ್ಸ್ ಬೇರೆ ಬೇರೆ ವಿಷಯದ್ದಾಗಿರಬೇಕು. ನಿಮ್ಮದರಲ್ಲಿ ಒಂದು ಮಾತ್ರ ಅಲ್ಲಿ ಕೂರುತ್ತದೆ. ಇನ್ನೊಂದೇನೂ ವ್ಯರ್ಥವಲ್ಲ, ಮೇಜರ್‌ಗೆ ಅದು ಬೇಕೇ ಬೇಕು. ಏರಿಯಾ 4ರ ಇನ್ನೊಂದು ಜಾಗಕ್ಕೆ ಪೊಲಿಟಿಕಲ್ ಸೈನ್ಸ್ ಸಿ1000, ಅಂದರೆ ಅಮೆರಿಕನ್ ಸರ್ಕಾರದ ಕೋರ್ಸ್ ತೆಗೆದುಕೊಳ್ಳಿ. ಯಾಕೆ ಅದೇ ಅಂತೀರಾ? ಸಿಎಸ್‌ಯುನಲ್ಲಿ ಪದವಿ ಬೇಕಾದರೆ ಅಮೆರಿಕದ ಇತಿಹಾಸ ಮತ್ತು ಸಂವಿಧಾನ ಓದಿರಬೇಕು ಅಂತ ಬೇರೆಯೇ ನಿಯಮವಿದೆ. ಅದು ಜಿಇ ಪಟ್ಟಿಯಲ್ಲಿ ಕಾಣುವುದಿಲ್ಲ. ಒಂದೇ ಕೋರ್ಸ್ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ಅಮೆರಿಕನ್ ಹಿಸ್ಟರಿ ನಮ್ಮ ಕಾಲೇಜಿನಲ್ಲಿ ಹ್ಯುಮ್ಯಾನಿಟೀಸ್ ಪಟ್ಟಿಯಲ್ಲೂ ಇತ್ತು. ನಿಮ್ಮಲ್ಲೂ ಇದ್ದರೆ ಏರಿಯಾ 3ರಲ್ಲಿ ಉಳಿದ ಜಾಗವನ್ನು ಅದರಿಂದಲೇ ತುಂಬಿಸಿ. ಆರ್ಟ್ಸ್ ಭಾಗಕ್ಕೆ ಆರ್ಟ್ ಹಿಸ್ಟರಿ ಆಗಿದೆಯಲ್ಲ.

ಡಿ ಬಗ್ಗೆ. ಈ ಪಟ್ಟಿಯ ಪ್ರತಿ ಕೋರ್ಸ್‌ನಲ್ಲೂ ಸಿ ಬರಲೇಬೇಕು. ಹಾಗಾಗಿ ಪಬ್ಲಿಕ್ ಸ್ಪೀಕಿಂಗ್ ಇನ್ನೂ ಆಗಿಲ್ಲ ಅಂತಲೇ ಲೆಕ್ಕ. ಡಿ ಬಂದರೆ ಅದೇ ಕ್ಲಾಸ್ ಮತ್ತೆ ತೆಗೆದುಕೊಳ್ಳಬಹುದು. ವಿಚಿತ್ರ ನೋಡಿ, ಸಿ ಬಂದಿದ್ದರೆ ಅಂಕ ಏರಿಸಿಕೊಳ್ಳಲು ಮತ್ತೆ ಕೂರಲು ಬಿಡುತ್ತಿರಲಿಲ್ಲ. ಕೆಲವರು ಗ್ರೂಪ್ ಡಿಸ್ಕಷನ್ ತರಹದ ಬೇರೆ ಕೋರ್ಸ್ ಮಾಡಿ ಆ ಜಾಗ ತುಂಬಿಸುತ್ತಾರೆ. ಆದರೆ ಆಗ ಹಳೆಯ ಡಿ ನಿಮ್ಮ ಜಿಪಿಎ ಒಳಗೆ ಹಾಗೇ ಕೂತಿರುತ್ತದೆ. ಅದೇ ಕೋರ್ಸ್‌ಗೆ ಮತ್ತೆ ಹೋಗಿ. ಯೂನಿಟ್‌ಗೆ 46 ಡಾಲರ್, ಮೂರು ಯೂನಿಟ್‌ಗೆ 138. ಯೂನಿವರ್ಸಿಟಿ ಫೀಸ್ ನೋಡಿದ ಮೇಲೆ ಇದು ಏನೂ ಅಲ್ಲ ಅನ್ನಿಸುತ್ತದೆ.

ಊರಿನ ಬಿಕಾಂ ಈ ಪಟ್ಟಿಗೆ ಸೇರುವುದಿಲ್ಲ. ಹೊರದೇಶದ ಕಾಲೇಜಿನ ಕೋರ್ಸ್‌ಗಳನ್ನು ಕ್ಯಾಲ್-ಗೆಟ್ಸಿಗೆ ತೆಗೆದುಕೊಳ್ಳುವುದಿಲ್ಲ. ಹಾಗಂತ ಅರ್ಜಿಯಲ್ಲಿ ಮುಚ್ಚಿಡಬೇಡಿ. ಯುಸಿ ಅರ್ಜಿಯಲ್ಲಿ ನೀವು ಓದಿದ ಎಲ್ಲ ಕಾಲೇಜುಗಳ ಹೆಸರು ಹೇಳಲೇಬೇಕು, ಯಾವ ದೇಶದ್ದಾದರೂ ಸರಿ. ಅದಕ್ಕೆ ಯೂನಿಟ್ ಕೊಡುವುದು ಬಿಡುವುದು ಯೂನಿವರ್ಸಿಟಿ ಮಾಡುವ ತೀರ್ಮಾನ, ನಿಮ್ಮ ಕಾಲೇಜಿನದ್ದಲ್ಲ. ನನ್ನ ಕಾಲದ ಐಗೆಟ್ಸಿಯಲ್ಲಿ ಯುಸಿಗೆ ಹೋಗುವವರಿಗೆ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಬರಬೇಕಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ಅಂಕಪಟ್ಟಿ ತೋರಿಸಿ ದಾಟಿಬಿಟ್ಟೆ. ಆ ಅಂಕಪಟ್ಟಿ ಅಮೆರಿಕದಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ ಸಲ. ಈಗಿನ ಪಟ್ಟಿಯಲ್ಲಿ ಆ ಭಾಗವೇ ಇಲ್ಲ.

ಇಷ್ಟೆಲ್ಲ ಹೇಳಿದೆ, ಆದರೆ ನಿಜ ಹೇಳಬೇಕೆಂದರೆ ನೀವು ತಪ್ಪು ಹಾಳೆ ಹಿಡಿದುಕೊಂಡು ಕೂತಿದ್ದೀರಿ. ಜಿಇ ಮುಗಿಸಿದರೆ ಸೀಟು ಸಿಗುತ್ತದೆ ಅಂತ ಎಲ್ಲೂ ಇಲ್ಲ. ಯುಸಿಗೆ ಟ್ರಾನ್ಸ್‌ಫರ್ ಆಗಲು ಬೇಕಾದ್ದು 60 ಯೂನಿಟ್ ಮತ್ತು ಏಳು ಕೋರ್ಸ್‌ಗಳ ಒಂದು ಕನಿಷ್ಠ ಪಟ್ಟಿ: ಇಂಗ್ಲಿಷ್ ಎರಡು, ಗಣಿತ ಒಂದು, ಉಳಿದ ನಾಲ್ಕು ಬೇರೆ ವಿಷಯಗಳಿಂದ. ಅದು ಬಾಗಿಲವರೆಗೆ ಮಾತ್ರ. ಒಳಗೆ ಬಿಡುವವರು ನೋಡುವುದು ಮೇಜರ್‌ಗೆ ಬೇಕಾದ ಕೋರ್ಸ್ ಮತ್ತು ಅದರಲ್ಲಿನ ಗ್ರೇಡ್. ಅಸಿಸ್ಟ್ ಅಂತ ವೆಬ್‌ಸೈಟ್ ಇದೆ. ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಮೇಜರ್, ಈ ಮೂರನ್ನು ಆರಿಸಿದರೆ ಯಾವ ಕೋರ್ಸ್‌ಗೆ ಯಾವುದು ಸಮ ಅಂತ ತೋರಿಸುತ್ತದೆ. ಎಕನಾಮಿಕ್ಸ್ ಅಂದರೆ ಯುಸಿ ಕಡೆ ಕ್ಯಾಲ್ಕುಲಸ್ ಕಾದು ಕೂತಿರುತ್ತದೆ. ನಿಮ್ಮ ಸ್ಟ್ಯಾಟಿಸ್ಟಿಕ್ಸ್‌ನಿಂದ ಏರಿಯಾ 2 (ಗಣಿತದ ಭಾಗ) ಮುಗಿಯಿತು, ನಿಜ. ಮೇಜರ್ ಮುಗಿಯಲಿಲ್ಲ. ಅಕೌಂಟಿಂಗ್ ಆದರೆ ಫೈನಾನ್ಷಿಯಲ್, ಮ್ಯಾನೇಜೀರಿಯಲ್ ಎರಡೂ ಬೇಕು. ಅವು ಜಿಇ ಹಾಳೆಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಕೊನೆಗೆ ನಾನು ಮಾಡಿದ ಎಡವಟ್ಟು. ಎಲ್ಲ ಕೋರ್ಸ್ ಮುಗಿಸಿದೆ, ಟ್ರಾನ್ಸ್‌ಕ್ರಿಪ್ಟ್ ಕಳಿಸಿದೆ, ನೆಮ್ಮದಿಯಾಗಿ ನಿದ್ದೆ ಮಾಡಿದೆ. ಜಿಇ ಸರ್ಟಿಫಿಕೇಷನ್, ಅಂದರೆ ಪಟ್ಟಿ ಪೂರ್ತಿ ಆಗಿದೆ ಅಂತ ಕಾಲೇಜು ಕೊಡುವ ದೃಢೀಕರಣ, ಅದನ್ನು ಬೇರೆಯಾಗಿ ಕೇಳಿ ಕಳಿಸಬೇಕು ಅನ್ನುವುದು ಗೊತ್ತೇ ಇರಲಿಲ್ಲ. ಯೂನಿವರ್ಸಿಟಿಯವರು ತಮ್ಮದೇ ಜಿಇ ನಿಯಮಕ್ಕೆ ಹೋಲಿಸಿ ಇನ್ನೂ ಎರಡು ಕ್ಲಾಸ್ ಬಾಕಿ ಅಂದರು. ಸರ್ಟಿಫಿಕೇಷನ್ ಕೊಡಬೇಕಾದ್ದು ಕೊನೆಯದಾಗಿ ಓದಿದ ಕಾಲೇಜು. ಅವರ ಬಳಿ ಉಳಿದ ಎರಡು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಇರಲಿಲ್ಲ. ಇವರು ಅವರನ್ನು ಕೇಳಿ ಅನ್ನುವುದು, ಅವರು ಇವರನ್ನು ಕೇಳಿ ಅನ್ನುವುದು. ಮೂರು ತಿಂಗಳು ಅಲೆದೆ. ತಪ್ಪು ನನ್ನದೂ ಇತ್ತು ಬಿಡಿ, ಬಂದ ಇಮೇಲ್ ಓದಿರಲಿಲ್ಲ.

ಪ್ರಶ್ನೆ ಕೇಳಿದವರು

ಅಯ್ಯೋ, ಮೈಕ್ರೋ ಮ್ಯಾಕ್ರೋ ವಿಷಯ ಓದಿ ಎದೆ ಧಸಕ್ ಅಂದಿತು. ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಇನ್ನೊಂದು ಡೌಟ್. ಸೈನ್ಸ್ ಭಾಗ ಹೇಗೆ? ಹತ್ತನೇ ಕ್ಲಾಸ್ ಆದ ಮೇಲೆ ನಾನು ಸೈನ್ಸ್ ಪುಸ್ತಕ ಮುಟ್ಟಿಲ್ಲ. ಲ್ಯಾಬ್ ಅಂದರೆ ಕಪ್ಪೆ ಕೊಯ್ಯಬೇಕಾ?

ಉತ್ತರ 3

ಏರಿಯಾ 5ರಲ್ಲಿ ಫಿಸಿಕಲ್ ಒಂದು, ಬಯಾಲಜಿ ಕಡೆಯದು ಒಂದು, ಎರಡರಲ್ಲಿ ಒಂದಕ್ಕೆ ಲ್ಯಾಬ್. ಒಟ್ಟು 7 ಯೂನಿಟ್. ಕಪ್ಪೆ ಬೇಡದವರು ಲ್ಯಾಬ್ ಅನ್ನು ಫಿಸಿಕಲ್ ಕಡೆ ಇಟ್ಟುಕೊಳ್ಳುತ್ತಾರೆ. ಆಸ್ಟ್ರಾನಮಿ ಅಥವಾ ಜಿಯಾಲಜಿ ಲ್ಯಾಬ್ ಜೊತೆಗೆ ಮಾಡಿ, ಬಯಾಲಜಿ ಸುಮ್ನೆ ಪಾಠ ಮಾತ್ರ ಇರುವುದನ್ನು ತೆಗೆದುಕೊಳ್ಳಿ. ಎರಡಕ್ಕೂ ಲ್ಯಾಬ್ ಇಲ್ಲದ್ದನ್ನು ತೆಗೆದುಕೊಂಡು ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಯೂನಿಟ್‌ಗಾಗಿ ಪರದಾಡಿದವರನ್ನು ನೋಡಿದ್ದೇನೆ.

ಎತ್ನಿಕ್ ಸ್ಟಡೀಸ್ ಏರಿಯಾ 6, ಅದನ್ನೂ ಮರೆಯಬೇಡಿ. ಏಷ್ಯನ್ ಅಮೆರಿಕನ್ ಸ್ಟಡೀಸ್ ನನಗೆ ತುಂಬಾ ಹಿಡಿಸಿತು.

ಮೇಲಿನವರ ಒಂದು ಮಾತು ಮಾತ್ರ ನಾನು ಒಪ್ಪುವುದಿಲ್ಲ. ಮೇಜರ್ ಮೊದಲು, ಜಿಇ ಹಾಳೆ ಆಮೇಲೆ ಅನ್ನುವುದು ಯುಸಿಗೆ ಸರಿ. ಎಂಜಿನಿಯರಿಂಗ್‌ಗೆ ಹೋಗುವ ಹುಡುಗರಿಗಂತೂ ನೂರಕ್ಕೆ ನೂರು ಸರಿ, ಅವರು ಮೊದಲು ಗಣಿತ, ಫಿಸಿಕ್ಸ್ ಮುಗಿಸಬೇಕು. ಆದರೆ ಇವರಿಗೆ ಮನೆ ಹತ್ತಿರ ಸಿಎಸ್‌ಯು ಬೇಕು. ಅಲ್ಲಿಗೆ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ (ಕಮ್ಯುನಿಟಿ ಕಾಲೇಜೇ ಕೊಡುವ ಪದವಿ) ಅನ್ನುವ ದಾರಿಯಿದೆ, 2010ರ ಕಾನೂನಿನಿಂದ ಬಂದದ್ದು. ಮೇಜರ್ ಮತ್ತು ಜಿಇ ಎರಡೂ ಸೇರಿ 60 ಯೂನಿಟ್. ಮುಗಿಸಿದರೆ ಸಿಎಸ್‌ಯುನಲ್ಲಿ ಎಲ್ಲಾದರೂ ಒಂದು ಸೀಟು ಖಾತರಿ. ಸ್ಯಾನ್ ಹೋಸೆಯಲ್ಲೇ ಅಂತ ಖಾತರಿ ಇಲ್ಲ, ಅದನ್ನು ಗಮನದಲ್ಲಿಡಿ. ಈ ದಾರಿಯಲ್ಲಿ ಜಿಇ ಪೂರ್ತಿ ಆಗಲೇಬೇಕು. ಹೋದ ಮೇಲೂ ಅಲ್ಲಿ 9 ಯೂನಿಟ್ ಅಪ್ಪರ್ ಡಿವಿಷನ್ (ಮೂರು, ನಾಲ್ಕನೇ ವರ್ಷದ ಮಟ್ಟದ) ಜಿಇ ಇರುತ್ತದೆ, ಮುಗಿಯಿತು ಅಂದುಕೊಂಡವರಿಗೆ ಅದೊಂದು ಷಾಕ್.

ಉತ್ತರ 2 ಬರೆದವರು

ಒಪ್ಪಿದೆ. ನಾನು ಯುಸಿಗೆ ಹೋದವನು, ಅದೇ ಕನ್ನಡಕ ಹಾಕಿಕೊಂಡು ನೋಡಿದೆ.

ಒಂದು ಸೇರಿಸುತ್ತೇನೆ. ನಿಮ್ಮ ವೇಗ ನೋಡಿದರೆ 60 ಯೂನಿಟ್ ಆಗಲು 2028ರ ಸ್ಪ್ರಿಂಗ್ ಬರುತ್ತದೆ, ಅದೂ ನಡುವೆ ಬೇಸಿಗೆಯಲ್ಲಿ ಕ್ಲಾಸ್ ಮಾಡಿದರೆ. ಆಗ ಅರ್ಜಿ ಹಾಕುವುದು 2027ರ ಅಕ್ಟೋಬರ್, ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ಸೆಪ್ಟೆಂಬರ್‌ನಲ್ಲಿ ಯುಸಿಗೆ ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಹಾಕಬಹುದು. ಅವರು ಕೇಳಿದಷ್ಟು ಯೂನಿಟ್, ಕೋರ್ಸ್, ಗ್ರೇಡ್ ಇದ್ದರೆ ಸೀಟು ಖಚಿತ ಅಂತ ಮೊದಲೇ ಹೇಳಿಬಿಡುವ ವ್ಯವಸ್ಥೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ನಿಮಗೆ ದಿನಾ ಓಡಾಡಲು ಆಗುವುದಿದ್ದರೆ ಸ್ಯಾಂಟಾ ಕ್ರೂಜ್ ಒಂದೇ. ಹೈವೇ 17ರ ತಿರುವುಗಳಲ್ಲಿ ಹೊಟ್ಟೆ ತೊಳಸದೆ ಇದ್ದರೆ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಅಸಿಸ್ಟ್ ತೆರೆದು ಕೂತೆ. ಸ್ಯಾನ್ ಹೋಸೆ ಸ್ಟೇಟ್ ಅಕೌಂಟಿಂಗ್ ಒಂದು ಕಡೆ, ಸ್ಯಾಂಟಾ ಕ್ರೂಜ್ ಎಕನಾಮಿಕ್ಸ್ ಇನ್ನೊಂದು ಕಡೆ ಇಟ್ಟು, ಎರಡಕ್ಕೂ ಬೇಕಾದ ಕೋರ್ಸ್‌ಗಳಿಗೆ ಮಗಳ ಹಸಿರು ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಕ್ಯಾಲ್ಕುಲಸ್ ನೋಡಿ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಆಮೇಲೆ ಮತ್ತೆ ತೆರೆದೆ.

ಫಾಲ್‌ಗೆ ಫೈನಾನ್ಷಿಯಲ್ ಅಕೌಂಟಿಂಗ್, ಇಂಗ್ಲಿಷ್ ಸಿ1001 (ಸಿ1000 ಆದ ಮೇಲಿನ ಕೋರ್ಸ್), ಮತ್ತೆ ಅದೇ ಪಬ್ಲಿಕ್ ಸ್ಪೀಕಿಂಗ್. ಈ ಸಲ ಬೇರೆ ಪ್ರೊಫೆಸರ್. ಮನೆಯಲ್ಲಿ ಅಭ್ಯಾಸ ಮಾಡುವಾಗ ಮಗಳು ಎದುರಿಗೆ ಕೂತು ಗಡಿಯಾರ ನೋಡುತ್ತಾಳಂತೆ. ಆಕಳಿಸಿದರೆ ಮೊದಲಿನಿಂದ ಶುರು ಮಾಡಬೇಕಂತೆ.