ನಮ್ಮ ಪ್ರಾಕ್ಸಿ ಸರ್ವರ್‌ಗೆ ಪ್ಲಗಿನ್ ಬರೆಯೋಕೆ ಯಾವ ಸ್ಕ್ರಿಪ್ಟಿಂಗ್ ಭಾಷೆ ಸೇರಿಸಲಿ?

ಮಡಿಕೇರಿ_ಮಂಜು:
ಸಿ ಭಾಷೆಯಲ್ಲಿ ಬರೆದ ಒಂದು ಸಣ್ಣ ಪ್ರಾಕ್ಸಿ (ಅತಿಥಿಗಳ ಇಂಟರ್ನೆಟ್ ಕೋರಿಕೆಗಳು ಹಾದುಹೋಗೋ ಮಧ್ಯವರ್ತಿ ಪ್ರೋಗ್ರಾಂ) ನಮ್ಮ ಕಡೆಯ ಮೂರು ಹೋಂಸ್ಟೇಗಳಲ್ಲಿ ಓಡುತ್ತಿದೆ. ಒಬ್ಬರಿಗೆ ಹಗಲು ಹೊತ್ತು ಅಪ್‌ಡೇಟ್ ಇಳಿಯಬಾರದು, ಇನ್ನೊಬ್ಬರಿಗೆ ರಾತ್ರಿ 10ರ ಮೇಲೆ ವಿಡಿಯೋ ಬೇಡ. ಪ್ರತಿ ಸಲ ಸಿ ಪ್ಲಗಿನ್ ತಿದ್ದಿ, ಕಂಪೈಲ್ ಮಾಡಿ, ಈ ಮಳೆಯಲ್ಲಿ ನಾಪೋಕ್ಲುವರೆಗೆ ಬೈಕಲ್ಲಿ ಹೋಗಿ ಹಾಕಿ ಬರ್ತೀನಿ. ಕಳೆದ ವಾರ ಒಂದು ಪಾಯಿಂಟರ್ (ಮೆಮೊರಿ ವಿಳಾಸ) ತಪ್ಪಿ ಇಡೀ ಪ್ರಾಕ್ಸಿಯೇ ಬಿದ್ದುಹೋಯಿತು. ನನಗೆ ಬರೋದು ಪೈಥಾನ್. ಅದನ್ನೇ ಒಳಗೆ ಸೇರಿಸಬಹುದಾ, ಅಥವಾ ಲುವಾ ಕಲಿಯಲಾ?

ಸೋಮವಾರಪೇಟೆ_ಸಿ:
ಲುವಾ ಕಲಿಯಿರಿ, ಎರಡು ದಿನ ಸಾಕು. 1993ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ ಭಾಷೆ. ಬೇರೆ ಪ್ರೋಗ್ರಾಂ ಒಳಗೆ ಕೂರಿಸಲೆಂದೇ ಮಾಡಿದ್ದು, ತುಂಬಾ ಚಿಕ್ಕದು. ಹೆಚ್‌ಎಪ್ರಾಕ್ಸಿ ಅನ್ನೋ ಪ್ರಾಕ್ಸಿ 2015ರಲ್ಲಿ 1.6ನೇ ಆವೃತ್ತಿಗೆ ಇದನ್ನೇ ಸೇರಿಸಿತು, ಓಪನ್‌ರೆಸ್ಟಿ ಕೂಡ ಎಂಜಿನ್‌ಎಕ್ಸ್ ವೆಬ್ ಸರ್ವರ್ ಒಳಗೆ ಲುವಾ ಓಡಿಸುತ್ತದೆ. ಪೈಥಾನ್ ಕೆಟ್ಟದ್ದಲ್ಲ, ಮಿಟ್‌ಎಂಪ್ರಾಕ್ಸಿಯ ಆಡ್‌ಆನ್‌ಗಳೆಲ್ಲ ಅದರಲ್ಲೇ ಇವೆ, ಆದರೆ ಆ ಪ್ರಾಕ್ಸಿಯನ್ನು ಬರೆದಿರೋದೇ ಪೈಥಾನ್‌ನಲ್ಲಿ ಅಲ್ವಾ. ಸಿ ಪ್ರೋಗ್ರಾಂ ಒಳಗೆ ಪೈಥಾನ್ ಹೊತ್ತುಕೊಂಡು ಓಡಾಡೋದು ಭಾರ.

ಗೋಣಿಕೊಪ್ಪ_ನೆಟ್:
ಮಂಜು ಅಣ್ಣ, ಭಾಷೆಗಿಂತ ಮುಖ್ಯವಾದದ್ದು ಸ್ಕ್ರಿಪ್ಟಿಗೆ ಬೇಲಿ ಹಾಕೋದು. ನಿಮ್ಮದು ಒಂದೇ ಈವೆಂಟ್ ಲೂಪ್ (ಎಲ್ಲ ಕನೆಕ್ಷನ್‌ಗಳನ್ನೂ ಸರದಿಯಂತೆ ನೋಡಿಕೊಳ್ಳೋ ಸುತ್ತು) ಆಗಿದ್ದರೆ, ಸ್ಕ್ರಿಪ್ಟ್ ಎಲ್ಲೋ ಡಿಎನ್‌ಎಸ್ (ಸೈಟಿನ ಹೆಸರಿನಿಂದ ವಿಳಾಸ ಹುಡುಕೋ ಸೇವೆ) ಉತ್ತರಕ್ಕೆ ಕಾಯ್ತಾ ಕೂತರೆ ಎಲ್ಲ ಅತಿಥಿಗಳ ಇಂಟರ್ನೆಟ್ಟೂ ನಿಲ್ಲುತ್ತದೆ. ಅಂಥ ಕಡೆ ಕೊರೂಟೀನ್ ಬಳಸಿ ಸ್ಕ್ರಿಪ್ಟನ್ನು ಪಕ್ಕಕ್ಕಿಟ್ಟು, ಉತ್ತರ ಬಂದ ಮೇಲೆ ಮುಂದುವರಿಸಿ. ಫೈಲ್, ಸಿಸ್ಟಂ ಮುಟ್ಟೋ ಐಓ, ಓಎಸ್ ಲೈಬ್ರರಿಗಳನ್ನು ಕೊಡಲೇಬೇಡಿ. ಮೆಮೊರಿ ಎಷ್ಟು ಅನ್ನೋದನ್ನು ಮೆಮೊರಿ ಹಂಚೋ ನಿಮ್ಮದೇ ಅಲೊಕೇಟರ್‌ನಲ್ಲಿ ಕಟ್ಟಿಹಾಕಿ. ಮುಗಿಯದ ಲೂಪಿಗೆ ಕೌಂಟ್ ಹುಕ್ ಇಡಿ, ಇಷ್ಟು ಸಾವಿರ ಇನ್‌ಸ್ಟ್ರಕ್ಷನ್ ದಾಟಿದರೆ ಎರರ್ ಎಸೆಯಲಿ. ಹುಷಾರು, ಲುವಾಜಿಟ್‌ನಲ್ಲಿ (ಲುವಾ ಓಡಿಸೋ ಇನ್ನೊಂದು ವೇಗದ ಎಂಜಿನ್) ಜಿಟ್ ಆದ, ಅಂದರೆ ಓಡುವಾಗಲೇ ಮೆಷಿನ್ ಕೋಡ್ ಆಗಿ ಬದಲಾದ ಕೋಡಿಗೆ ಈ ಹುಕ್ ತಾಗುವುದಿಲ್ಲ. ನಿಮ್ಮ ಟ್ರಾಫಿಕ್ಕಿಗೆ ಸಾದಾ ಲುವಾ 5.4 ಧಾರಾಳ ಸಾಕು.

ವಿರಾಜಪೇಟೆ_ವಿನಿ:
ಒಂದು ಮಾತು. ಎಚ್‌ಟಿಟಿಪಿಎಸ್‌ನಲ್ಲಿ ಕನೆಕ್ಟ್ ಕೋರಿಕೆ (ಆ ಸೈಟಿಗೆ ದಾರಿ ತೆರೆ ಅನ್ನೋ ಕೋರಿಕೆ) ಬಂದಾಗ ಸ್ಕ್ರಿಪ್ಟಿಗೆ ಸಿಗೋದು ಹೋಸ್ಟ್ ಹೆಸರು ಮತ್ತು ಪೋರ್ಟ್ ಮಾತ್ರ, ಯಾವ ಫೈಲ್ ಅಂತ ಕಾಣಲ್ಲ. ವಿಡಿಯೋ ನಿಯಮವನ್ನು ಹೋಸ್ಟ್ ಹೆಸರಿನ ಮೇಲೆಯೇ ಬರೆಯಬೇಕು. ಹೋಂಸ್ಟೇಯವರಿಗೂ ಇದನ್ನು ಮೊದಲೇ ಹೇಳಿಬಿಡಿ.

ಮಡಿಕೇರಿ_ಮಂಜು:
ನಿನ್ನೆ ರಾತ್ರಿ ಕೂತು ಲುವಾ ಸೇರಿಸಿದೆ! ಕೋರಿಕೆ ಬಂದಾಗ ಕರೆಯೋ ಒಂದೇ ಫಂಕ್ಷನ್, ಹೋಸ್ಟ್ ಮತ್ತು ಗಂಟೆ ಕೊಡ್ತೀನಿ, ಬಿಡು ಅಥವಾ ತಡೆ ಅಂತ ವಾಪಸ್ ಬರುತ್ತದೆ. ಬೇಕಂತಲೇ ಮುಗಿಯದ ಲೂಪ್ ಬರೆದೆ. ಹುಕ್ ಎಸೆದ ಎರರನ್ನು ಪಿಕಾಲ್ (ಎರರ್ ಹಿಡಿಯೋ ಲುವಾ ಫಂಕ್ಷನ್) ಹಿಡಿದುಕೊಂಡಿತು, ಲಾಗ್‌ನಲ್ಲಿ ಫೈಲ್ ಹೆಸರು, ಸಾಲಿನ ನಂಬರ್ ಎರಡೂ ಬಂತು, ಪಕ್ಕದಲ್ಲಿ ಓಡುತ್ತಿದ್ದ ಡೌನ್‌ಲೋಡ್ ನಿಲ್ಲಲೇ ಇಲ್ಲ. ತುಂಬಾ ಖುಷಿಯಾಯ್ತು. ಈಗ ಹೊಸ ಸ್ಕ್ರಿಪ್ಟ್ ಹಾಕುವಾಗ ನಡೆಯುತ್ತಿರೋ ಕನೆಕ್ಷನ್ ಕಡಿಯದಂತೆ ಹೇಗೆ ಬದಲಿಸೋದು?

ಗೋಣಿಕೊಪ್ಪ_ನೆಟ್:
ಹೊಸದೊಂದು ಲುವಾ ಸ್ಟೇಟ್ (ಸ್ಕ್ರಿಪ್ಟ್ ಓಡೋ ಪ್ರತ್ಯೇಕ ಪರಿಸರ) ತೆರೆದು ಅದರಲ್ಲಿ ಸ್ಕ್ರಿಪ್ಟ್ ಲೋಡ್ ಮಾಡಿ. ಎರರ್ ಬಂದರೆ ಅದನ್ನು ಬಿಸಾಕಿ, ಹಳೆಯದೇ ಮುಂದುವರಿಯಲಿ. ಸರಿಯಿದ್ದರೆ ಹೊಸ ಕನೆಕ್ಷನ್‌ಗಳನ್ನೆಲ್ಲ ಅದಕ್ಕೆ ಕೊಡಿ. ಹಳೆ ಸ್ಟೇಟನ್ನು ನೆಚ್ಚಿಕೊಂಡ ಕೊನೆಯ ಕನೆಕ್ಷನ್ ಮುಗಿದ ಮೇಲೆ ಅದನ್ನು ಮುಚ್ಚಿ. ನಾಪೋಕ್ಲುವಿಗೆ ಫೈಲ್ ಕಳಿಸಿದರೆ ಸಾಕು, ಬೈಕ್ ಮನೆಯಲ್ಲೇ ಇರಲಿ.