ಕೋಳಿಗೂಡೆಂಬ ಜನರಲ್ ಬೋಗಿ

“ನೋಡಿ ರಂಗಣ್ಣ, ಬರೀ 30 ಸೆಕೆಂಡ್!” ಶೀನ ಫೋನ್ ಮುಂದೆ ಹಿಡಿದ. ಯಾರೋ ಹತ್ತಿಯುಂಡೆಯಂಥ ಪಿಳ್ಳೆಗಳನ್ನು ದೊಡ್ಡ ಕೋಳಿಗಳ ನಡುವೆ ಸುರಿಯುತ್ತಿದ್ದರು. ಹಿಂದೆ ಕೊಳಲು. ಮೇಲೆ ‘ಕುಟುಂಬ ದೊಡ್ಡದಾಯಿತು’ ಅಂತ ಬಣ್ಣದ ಅಕ್ಷರ.

“31ನೇ ಸೆಕೆಂಡ್ ಎಲ್ಲಿದೆಯಪ್ಪ? ಕುಕ್ಕೋದು ಶುರುವಾಗೋದೇ ಅಲ್ಲಿಂದ. ಕೋಳಿಗೂಡು ಅಂದ್ರೆ ಜನರಲ್ ಬೋಗಿ ಕಣೋ. ಒಳಗಿರೋರಿಗೆ ಹತ್ತೋನನ್ನ ಕಂಡ್ರಾಗಲ್ಲ.”

“ನಾನೂ 6 ಗಿರಿರಾಜ ತಳಿ ಮರಿ ತಂದಿದೀನಿ, 3 ವಾರದ್ದು. ಇವತ್ತೇ ಬಿಟ್ಟು ರೀಲ್ಸ್ ಮಾಡೋಣ ಅಂತ...”

“ಕೈಗೂಸನ್ನ ಬಾಗಿಲಲ್ಲಿ ನೇತಾಡಿಸ್ತೀಯಾ? ಮೊದಲ ವಾರ 35 ಡಿಗ್ರಿ ಕಾವು, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸ್ತಾ ಬರಬೇಕು. ಇವಿನ್ನೂ ಬಲ್ಬಿನ ಕೆಳಗಿರೋ ವಯಸ್ಸು. ಹೊರಗಿಂದ ಬಂದವು ಬೇರೆ, 30 ದಿನ ದೂರದ ಗೂಡಲ್ಲಿಡು. ಕೊಕ್ಕರೆ ರೋಗದ, ಅದೇ ರಾಣಿಖೇತ್‌ದು, ಲಸಿಕೆ ಮೊದಲ ವಾರ ಆಗಿದ್ರೂ 28ನೇ ದಿನ ಇನ್ನೊಂದ್ಸಲ ಹಾಕಿಸು.”

“ಆಮೇಲೆ ಬಿಡಬಹುದಾ?”

“ಆಮೇಲೆ ಕಿಟಕಿ. ಗೂಡಿನೊಳಗೇ ಅಡ್ಡಕ್ಕೆ ಜಾಲರಿ ಕಟ್ಟಿ 2 ವಾರ. ನೋಡಬೇಕು, ಮುಟ್ಟಬಾರದು. ಅರ್ಧ ಇಂಚಿನ ಕಣ್ಣಿರಲಿ. ದೊಡ್ಡದಾದ್ರೆ ತಲೆ ತೂರಿಸಿ ಕುಕ್ಕಿಸ್ಕೊಳ್ತವೆ. ಜಾಲರಿಗೆ ಒತ್ತಿದಂಗೆ ಎರಡೂ ಕಡೆ ಕಾಳು ಹಾಕು. ಮದ್ದೂರು ವಡೆ ಬಂದಾಗ ತಾನೇ ಬೋಗೀಲಿ ಮಾತು ಶುರುವಾಗೋದು?”

ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಕನ್ನಡಕ ಏರಿಸಿದರು. “ನಾರ್ವೆಯ ಶೆಲ್ಡರಪ್-ಎಬ್ಬೆ ಅನ್ನೋರು 100 ವರ್ಷದ ಹಿಂದೆಯೇ ಯಾವ ಕೋಳಿ ಯಾವುದನ್ನ ಕುಕ್ಕುತ್ತೆ ಅಂತ ಲೆಕ್ಕ ಬರೆದಿಟ್ಟಿದಾರೆ.”

“ಚನ್ನಪಟ್ಟಣದಲ್ಲಿ ರೈಲು ಹತ್ತಿದ್ರೆ ಒಂದೇ ದಿನಕ್ಕೆ ಮುಗಿಸ್ತಿದ್ರು, ಮೇಷ್ಟ್ರೇ.”

“ರಾತ್ರಿ ಕತ್ತಲಲ್ಲಿ ಗಳದ ಮೇಲೆ ಕೂರಿಸಿಬಿಟ್ರೆ ಬೆಳಿಗ್ಗೆ ಗೊತ್ತೇ ಆಗಲ್ವಂತೆ?” ಶೀನ ಬಿಡಲಿಲ್ಲ.

“ಕೂರಿಸು, ಒಳ್ಳೇದೇ. ಆದ್ರೆ ‘ಇವನ್ಯಾವಾಗ ಹತ್ತಿದ’ ಅಂತ ಎದ್ದ ಕೂಡಲೇ ಕೇಳ್ತವೆ. ಬೆಳಕು ಹರಿಯೋಕೆ ಮುಂಚೆ ನೀನಲ್ಲಿರಬೇಕು, ಬಾಗಿಲು ತೆಗೆದು ಹಿತ್ತಲಿಗೆ ಬಿಡಬೇಕು. ಜಗಳ ಹುಟ್ಟೋದೇ ಇಕ್ಕಟ್ಟಲ್ಲಿ. ಗಳದ ಮೇಲೆ ಒಂದೊಂದಕ್ಕೆ 8ರಿಂದ 10 ಇಂಚು ಜಾಗ. ಕಾಳಿನ ತಟ್ಟೆ 2, ನೀರು 2, ದೂರದೂರ. ಒಂದನ್ನ ಯಜಮಾನಿ ಕೋಳಿ ಕಾದು ಕೂತ್ರೂ ಇನ್ನೊಂದು ಇವಕ್ಕೆ ಸಿಗುತ್ತೆ. ಗೋಡೆಗೆ ಹಲಗೆ ಒರಗಿಸು, ಹಿಂದೆ ನುಸುಳಿಕೊಳ್ಳಲಿ. ಎರಡೂ ಕಡೆ ದಾರಿ ಇರಬೇಕು, ಇಲ್ಲಾಂದ್ರೆ ಬೋನು. ಮೊಟ್ಟೆಕೋಳಿ ಫೀಡ್ ಮಾತ್ರ ಇಡಬೇಡ. ಅದರಲ್ಲಿ ಕ್ಯಾಲ್ಸಿಯಂ 3.5ರಿಂದ 4%, ಮರಿಗೆ 1% ಸಾಕು. ಜಾಸ್ತಿಯಾದ್ರೆ ಕಿಡ್ನಿ ಹೋಗುತ್ತೆ. ಎಲ್ಲಕ್ಕೂ ಗ್ರೋವರ್, ಅಂದ್ರೆ ಬೆಳೆಯೋ ಮರಿ ಫೀಡ್, ಹಾಕಿ, ಮೊಟ್ಟೆ ಇಡೋವಕ್ಕೆ ಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿಡು.”

“ಇಷ್ಟಾದ್ರೂ ಕುಕ್ಕಿದ್ರೆ?”

“ಒಂದೆರಡು ಪುಕ್ಕ ಕಿತ್ರೆ ಸುಮ್ನಿರು, ಅದು ಟಿಕೆಟ್ಟು. ರಕ್ತ ಕಂಡ್ರೆ ಮಾತ್ರ ಆ ಕ್ಷಣವೇ ಎತ್ಕೋ. ಕೆಂಪು ನೋಡಿದ್ರೆ ಇಡೀ ಬೋಗಿ ಎದ್ದು ಬರುತ್ತೆ.”

“ಜಾಸ್ತಿ ಕುಕ್ಕೋದು ಹುಂಜಾನಾ?”

“ಹುಂಜ ಟೀಸಿ ಇದ್ದಂಗೆ, ಒಂದು ಸುತ್ತು ಬಂದು ಹೋಗ್ತಾನೆ. ಎಲ್ಲದರ ಹತ್ರಾನೂ ಕುಕ್ಕಿಸ್ಕೊಂಡು ಮೂಲೆ ಹಿಡಿದಿರೋ ಹೇಂಟೆ ಇರುತ್ತಲ್ಲ, ಎಷ್ಟೋ ಸಲ ಅದೇ. ಚನ್ನಪಟ್ಟಣದಲ್ಲಿ ಒದೆ ತಿಂದು ಹತ್ತಿದೋನೇ ಮಂಡ್ಯದಲ್ಲಿ ಬಾಗಿಲು ಅಡ್ಡ ಹಿಡಿಯೋದು.”

ಮೇಷ್ಟ್ರು ನಕ್ಕರು. ನಗು ಅರ್ಧಕ್ಕೇ ನಿಂತಿತು. “ಹಿಂದೆಲ್ಲ ಜಾಲರಿ ಎಲ್ಲಿತ್ತು ರಂಗಣ್ಣ?”

“ಕಾವಿಗೆ ಕೂತ ಹೇಂಟೆ ಇತ್ತಲ್ಲ. ಮರಿ ಕಟ್ಕೊಂಡು ತಾನೇ ಹಿತ್ತಲಿಗೆ ಇಳಿಯೋದು, ಹತ್ರ ಬಂದವರ ಮುಖಕ್ಕೆ ಹಾರೋದು. ತಾಯಿ ಜೊತೇಲಿದ್ರೆ ರಿಸರ್ವೇಶನ್ ಇದ್ದಂಗೆ. ಈಗ್ಲೂ ಒಂದೆರಡು ದಿನದ ಮರೀನ ಕತ್ತಲಲ್ಲಿ ಅದರ ಹೊಟ್ಟೆ ಕೆಳಗೆ ತಳ್ಳಿದ್ರೆ ಸಾಮಾನ್ಯವಾಗಿ ತನ್ನದೇ ಅಂದ್ಕೊಳ್ಳುತ್ತೆ. ಇವು 3 ವಾರದವು, ತಡವಾಯ್ತು. ಮಿಶಿನ್ನಲ್ಲಿ ಹುಟ್ಟಿದವಕ್ಕೆ ಬಲ್ಬೇ ಅವ್ವ.”

ರಟ್ಟಿನ ಡಬ್ಬಿಯೊಳಗೆ ಚಿಂವ್‌ಚಿಂವ್ ಜೋರಾಯಿತು. ಶೀನ ಫೋನ್ ಜೇಬಿಗಿಳಿಸಿ ಡಬ್ಬಿಯ ಮೇಲೆ ಟವೆಲ್ ಹೊದಿಸಿದ.

“ಎಲ್‌ಇಡಿ ತರಬೇಡ. ಬರೀ ಬೆಳಕು, ಕಾವಿಲ್ಲ. 60 ವ್ಯಾಟಿನ ಹಳೇ ಗುಂಡು ಬಲ್ಬು ಕೇಳು.”

“ಅದೀಗ ಎಲ್ಲಿ ಸಿಗುತ್ತೆ ರಂಗಣ್ಣ?”

“ನಮ್ಮ ಬಚ್ಚಲಲ್ಲಿ ಒಂದುಂಟು, ಬಾ,” ಅಂತ ಮೇಷ್ಟ್ರು ಚಪ್ಪಲಿ ಹುಡುಕಿದರು.